ಕೆಮಿಸ್ಟ್ರಿಗೆ ಒಬ್ಬರು ಕಡಿಮೆ

ನರ್ಸಿಂಗ್ ಸೇರೋಕೆ ಮೊದಲು ಮೂರು ಸೈನ್ಸ್ ಕೋರ್ಸ್ ಮುಗಿಸಬೇಕಂತೆ. ಅಕ್ಕ ನನ್ನನ್ನೂ ಎಳೆದುಕೊಂಡು ಅಬುಧಾಬಿಯ ಕಾಲೇಜಿಗೆ ಹೋದಳು. ಈ ಟರ್ಮ್ ತಪ್ಪಿದರೆ ಅವಳಿಗೆ ಇನ್ನೊಂದು ವರ್ಷ ವೇರ್‌ಹೌಸ್ ಕೆಲಸವೇ ಗತಿ.

ಕೌಂಟರಿನಲ್ಲಿ ಮಂಗಳೂರಿನ ಆಂಟಿ ಇದ್ದರು.

“ಮೈಕ್ರೋಬಯಾಲಜಿ ಕೊಡಿ,” ಅಂದಳು ಅಕ್ಕ.

“ಅನಾಟಮಿ ಆಗದೆ ಅದು ಕೊಡ್ಲಿಕ್ಕಾಗುದಿಲ್ಲ.”

“ಹಾಗಾದರೆ ಅನಾಟಮಿ.”

“ಅದಕ್ಕೆ ಮೊದಲು ಕೆಮಿಸ್ಟ್ರಿ ಆಗ್ಬೇಕು.”

“ಅಯ್ಯೋ, ಕೆಮಿಸ್ಟ್ರಿನೇ ಕೊಡಿ!”

“ಅದು ಈ ಟರ್ಮ್ ಇಲ್ಲ. ಹತ್ತು ಜನ ಆದ್ರೆ ಮಾತ್ರ ಕ್ಲಾಸ್. ಯಾರೂ ಸೇರ್ಲಿಲ್ಲ.”

“ಇಲ್ಲ ಅಂತ ಎಲ್ಲರನ್ನೂ ವಾಪಸ್ ಕಳಿಸಿದರೆ ಸೇರೋದು ಹೇಗೆ ಆಂಟಿ?” ಅಂದೆ.

“ನೀನು ಸುಮ್ಮನಿರು ಮಾರಾಯ.”

ಸುಮ್ಮನಿರೋ ಗಿರಾಕಿಯಾ ನಾನು? ಕುರ್ಚಿ ಹತ್ತಿ, ಮೀನು ಮಾರುವವನ ಹಾಗೆ ಹಿಂದಿಗೆ ಇಲ್ಲಿನ ಅರಬ್ಬಿ ಬೆರೆಸಿ ಕೂಗಿದೆ: ಕೆಮಿಸ್ಟ್ರಿ ಯಾರಿಗೆ ಬೇಕು, ಯಲ್ಲಾ, ಬೇಗ ಬನ್ನಿ! ಟೋಕನ್ ಹಿಡಿದು ಕೂತಿದ್ದ ಎಂಟು ಹುಡುಗಿಯರು ಎದ್ದು ಬಂದರು.

ಆಂಟಿ ಎಣಿಸಿದರು. “ನಿನ್ನ ಅಕ್ಕ ಸೇರಿ ಒಂಬತ್ತು. ಇನ್ನೊಬ್ಬರು ಬೇಕಲ್ಲ. ಈ ಕ್ಲಾಸಿಗೆ ಯಾರು ಬೇಕಾದ್ರೂ ಸೇರಬಹುದು.”

ಒಂಬತ್ತು ಹುಡುಗಿಯರೂ ನನ್ನನ್ನೇ ನೋಡಿದರು.

ಪಿಯುಸಿಯಲ್ಲಿ ಕೆಮಿಸ್ಟ್ರಿ ಲ್ಯಾಬಿನ ಕಿಟಕಿ ಹಾರಿ ಓದು ಬಿಟ್ಟವನು ನಾನು. ಈಗ ಪ್ರತಿ ಶನಿವಾರ ಮೊದಲ ಬೆಂಚಿನಲ್ಲಿ ಕೂರುತ್ತೇನೆ. ಕಿಟಕಿ ಪಕ್ಕ ಮಾತ್ರ ಅಕ್ಕನೇ ಕೂರುತ್ತಾಳೆ.