ನೆಕ್ಕರಮೂಲೆಯವರ ಉಗುಳು

ಬೆಳಿಗ್ಗೆ ಸಾಂಬಾರಿಗೆ ಇಂಗು ಹುಡುಕುತ್ತಿದ್ದೆ. ಹೆಂಡತಿ ಹಿತ್ತಲಲ್ಲಿದ್ದಳು, ಅಡುಗೆಮನೆಯಲ್ಲಿ ನನಗೆ ಗೊತ್ತಿರುವುದು ಊಟದ ತಟ್ಟೆ ಇರುವ ಜಾಗವೊಂದೇ. ಕೊನೆಗೆ ಮೂಗೇ ದಾರಿ ತೋರಿಸಿತು. ನೀಲಿ ಮುಚ್ಚಳದ, ಬೆರಳುದ್ದದ ಪ್ಲಾಸ್ಟಿಕ್ ಕೊಳವೆ. ಮೈಮೇಲೊಂದು ಗೀಟು, ಗೀಟಿನ ಪಕ್ಕದಲ್ಲಿ, ಇಲ್ಲಿಯವರೆಗೆ ಉಗುಳಿ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ. ಗಾಬರಿಯಾಗಬೇಡಿ, ನಮ್ಮಲ್ಲಿಗೆ ಊಟಕ್ಕೆ ಬಂದವರಿಗೆಲ್ಲ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಅದರೊಳಗೆ ಯಾರೂ ಉಗುಳಿಲ್ಲ. ಯಾಕೆ ಉಗುಳಲಿಲ್ಲ ಎಂಬುದೇ ಕಥೆ.

ಬದಿಯಡ್ಕದಿಂದ ಒಳಗೆ ಹೋದರೆ ಸಿಗುವ ನೆಕ್ಕರಮೂಲೆ ನಮ್ಮ ತರವಾಡು, ಎಂದರೆ ಕುಟುಂಬದ ಮೂಲಮನೆ. ಹೆಸರಿನ ಕೊನೆಗೆ ‘ನೆಕ್ಕರಮೂಲೆ’ ಎಂದು ಬಾಲ ಕಟ್ಟಿಕೊಂಡವರು ಮಂಜೇಶ್ವರದಿಂದ ಮಸ್ಕತ್ತಿನವರೆಗೂ ಇದ್ದಾರೆ. ಯಜಮಾನರು ನನ್ನ ಸೋದರಮಾವ ಸಂಜೀವ ಮಾವ. ಅವರಿಗಿಂತ ಮೊದಲು ಅವರ ಸೋದರಮಾವ. ಮುಂದೆ ನಾನೇ ಎಂದು ಊರಿನಲ್ಲಿ ಮಾತುಂಟು; ಮಾವನ ಆರೋಗ್ಯ ನೋಡಿದರೆ ನನಗೆ ನಂಬಿಕೆಯಿಲ್ಲ. ವರ್ಷಕ್ಕೊಮ್ಮೆ, ಮಳೆ ಹೊಯ್ಯುವ ಆಟಿ ತಿಂಗಳಲ್ಲಿ, ನಾವೆಲ್ಲ ಅಲ್ಲಿ ಸೇರಿ, ತೀರಿಹೋದ ಹಿರಿಯರಿಗೆ ಸಾಲಾಗಿ ಬಾಳೆಲೆ ಹಾಕಿ ಬಡಿಸುತ್ತೇವೆ.

ಹಾಗೊಂದು ಆಟಿಗೆ ಕೆಲವು ತಿಂಗಳ ಮೊದಲು ಮೀಂಜದ ಕಡೆಯಿಂದ ಗಿರಿಜಕ್ಕ ಬಂದರು. ಅವರ ಅಜ್ಜಿ ನೆಕ್ಕರಮೂಲೆಯವಳಂತೆ. ಯಾವುದೋ ಜಗಳದಲ್ಲಿ ಕೂಸನ್ನು ಎತ್ತಿಕೊಂಡು ಮನೆ ಬಿಟ್ಟವಳಂತೆ. ಆ ಕೂಸೇ ಗಿರಿಜಕ್ಕನ ಅಮ್ಮ. ಈಚೆಗೆ ತೀರಿಹೋಗಿದ್ದರು.

“ಅಮ್ಮ ಹೋಗುವಾಗ ಒಂದೇ ಮಾತು ಹೇಳಿದ್ದು,” ಎಂದರು ಗಿರಿಜಕ್ಕ. “ನನಗೆ ನೆಕ್ಕರಮೂಲೆಯಲ್ಲಿ ಒಂದು ಎಲೆ ಹಾಕಿಸು ಅಂತ. ಬೇರೆ ಎಂತದೂ ಬೇಡ ನನಗೆ.”

ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಹಾಗೆ ಬಂದವರಿಗೆಲ್ಲ ಎಲೆ ಹಾಕ್ಲಿಕ್ಕೆ ಇದೆಂತ ಹೋಟೆಲಾ? ಪ್ರೂಫ್ ಉಂಟಾ?”

ಇಲ್ಲಿ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. ಆದರೆ ಬ್ಯಾಂಕಿನಿಂದ ಹೊಸತಾಗಿ ನಿವೃತ್ತನಾದವನಿಗೆ ಯಾವುದಾದರೊಂದು ಯೋಜನೆಗೆ ಸಂಚಾಲಕನಾಗದಿದ್ದರೆ ಅನ್ನ ಸೇರುವುದಿಲ್ಲ. ವಿದೇಶದವರು ಒಂದೇ ಮನೆತನದ ಹೆಸರಿನವರನ್ನೆಲ್ಲ ಸೇರಿಸಿ ಡಿಎನ್‌ಎ ಪರೀಕ್ಷೆ ಮಾಡಿಸುತ್ತಾರೆಂದು ಮೊಬೈಲಿನಲ್ಲಿ ಓದಿದ್ದೆ. ಹೆಸರಿನ ಹಾಗೆಯೇ ತಂದೆಯಿಂದ ಮಗನಿಗೆ ಮಾತ್ರ ಬರುವ ಗುರುತನ್ನು ಅದು ಹುಡುಕುತ್ತದೆ, ಆದ್ದರಿಂದ ಗಂಡಸರ ಉಗುಳು ಮಾತ್ರ ಸಾಕು ಎಂದಿತ್ತು. ಮೊದಲು ನಮ್ಮ ಗಂಡಸರಿಂದ ಮನೆಯ ಗುರುತು ಹಿಡಿಯುವುದು, ಆಮೇಲೆ ಗಿರಿಜಕ್ಕನ ಕಡೆಯದನ್ನು ಹೋಲಿಸುವುದು ಎಂದು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ನೀವು ಈಗಾಗಲೇ ನಗುತ್ತಿದ್ದರೆ, ದಯವಿಟ್ಟು ಸ್ವಲ್ಪ ತಡೆದುಕೊಳ್ಳಿ.

“ನಾನು ಈಗಲೇ ಉಗುಳಲಾ?” ಎಂದು ಗಿರಿಜಕ್ಕ ಕೇಳಿದರು.

“ನಿಮ್ಮದು ನಡೆಯುವುದಿಲ್ಲ. ತಮ್ಮನನ್ನು ಕಳಿಸಿ.”

“ಅಮ್ಮನಿಗೆ ನಾನೊಬ್ಬಳೇ.”

“ಹಾಗಾದರೆ ನೋಡುವ,” ಎಂದೆ, ಥೇಟು ಬ್ಯಾಂಕಿನ ದನಿಯಲ್ಲಿ. ಕೊಳವೆಗಳು ಬಂದ ಮೇಲೆ, ವಿಚಾರಿಸಲು ಮತ್ತೆ ಬಂದಿದ್ದ ಗಿರಿಜಕ್ಕನ ಚೀಲಕ್ಕೆ, ಇರಲಿ ಎಂದು ನನ್ನ ಹೆಂಡತಿ ಒಂದನ್ನು ಹಾಕಿದಳಂತೆ. ನನಗೆ ಗೊತ್ತಿರಲಿಲ್ಲ.

ಉಗುಳುವ ದಿನದ ಸಂಭ್ರಮವನ್ನು ಏನೆಂದು ಹೇಳಲಿ! ಚಾವಡಿ ದೈವ ಇರುವ ಜಾಗ, ಅಲ್ಲಿ ಉಗುಳುವ ಹಾಗಿಲ್ಲ. ಬಾವಿಕಟ್ಟೆಯ ಹತ್ತಿರವಂತೂ ಆಗಲೇ ಆಗದು. ಕೊನೆಗೆ ದನದ ಹಟ್ಟಿಯ ಪಕ್ಕದಲ್ಲಿ ಗಂಡಸರೆಲ್ಲ ಸಾಲಾಗಿ ನಿಂತರು. ಅರ್ಧ ಗಂಟೆ ಮೊದಲು ಏನನ್ನೂ ಬಾಯಿಗೆ ಹಾಕಬಾರದೆಂಬ ನಿಯಮ. ವೀಳ್ಯ ಬಿಟ್ಟು ಅರ್ಧ ಗಂಟೆ ಇದ್ದ ದಾಖಲೆ ನಮ್ಮ ವಂಶದಲ್ಲಿಲ್ಲ. ಮಾವನ ಮೊದಲ ಕೊಳವೆ ಕುಂಕುಮದ ನೀರಿನಂತಿತ್ತು. ಎರಡನೆಯ ಸಲಕ್ಕೆ ಅವರ ಬಾಯಿಯೇ ಒಣಗಿತ್ತು; ಹುಣಸೆಹಣ್ಣು ತೋರಿಸಿ ಉಗುಳಿಸಬೇಕಾಯಿತು. ಬೇಲಿಯಾಚೆ ನಿಂತು ತಮಾಷೆ ನೋಡುತ್ತಿದ್ದವನು ನೆರೆಮನೆಯ ದಾಮು. ಗಡಿಯ ಬೇಲಿಯ ವಿಷಯದಲ್ಲಿ ಮಾವನಿಗೂ ಅವನಿಗೂ ಮಾತಿಲ್ಲ. ಹೋಲಿಕೆಗೆ ಹೊರಗಿನವನೊಬ್ಬ ಇರಲಿ ಎಂದು, ವಿಜ್ಞಾನದ ಹುಮ್ಮಸ್ಸಿನಲ್ಲಿ, ಅವನಿಗೂ ಒಂದು ಕೊಳವೆ ಕೊಟ್ಟೆ.

ಫಲಿತಾಂಶ ಬಂದದ್ದು ಆಟಿಯ ಬಡಿಸುವ ದಿನವೇ. ಹಿಂದುಮುಂದು ನೋಡದೆ ‘ನೆಕ್ಕರಮೂಲೆ ರಕ್ತಸಂಬಂಧ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಒಡಹುಟ್ಟಿದವರನ್ನು ಬಿಟ್ಟರೆ ನಮ್ಮಲ್ಲಿ ಯಾರಿಗೂ ಯಾರೂ ಹೊಂದುತ್ತಿರಲಿಲ್ಲ. ಇಡೀ ಪಟ್ಟಿಯಲ್ಲಿ ಚೆನ್ನಾಗಿ ಹೊಂದಿದ್ದು ಇಬ್ಬರೇ: ಸಂಜೀವ ಮಾವ ಮತ್ತು ಬೇಲಿಯಾಚೆಯ ದಾಮು.

ಚಾವಡಿಯಲ್ಲಿ ಗುಸುಗುಸು ಎದ್ದಿತು. ಒಬ್ಬ ಗುಂಪು ಬಿಟ್ಟುಹೋದ. ಊಟದ ಸಮಯ ಅದರಲ್ಲೇ ತಿಳಿಸುವುದೆಂದು ನೆನಪಾಗಿ ಮತ್ತೆ ಸೇರಿದ. ಇನ್ನೊಬ್ಬ ಜೋಯಿಸರಿಗೆ ಫೋನು ಹಚ್ಚಿದ. ಅಷ್ಟರಲ್ಲಿ ದಾಮು ಅಂಗಳಕ್ಕೇ ಬಂದು, “ಅಣ್ಣಾ!” ಎಂದು ಎರಡೂ ಕೈ ಚಾಚಿದ. ಮಾವ ಕುರ್ಚಿಯ ಕೈ ಹಿಡಿದುಕೊಂಡರು. ಗಿರಿಜಕ್ಕ ಮಾತ್ರ ಕಂಬದ ಬಳಿ ಚೀಲ ಅಪ್ಪಿಕೊಂಡು, ತಮ್ಮಿಂದಲೇ ಇಷ್ಟೆಲ್ಲ ಆಯಿತೆಂಬಂತೆ ಕುಗ್ಗಿ ನಿಂತಿದ್ದರು. ನನಗೆ ನಿಜವಾಗಿ ನಾಚಿಕೆಯಾಯಿತು.

ಆಗ ಒಳಗಿನಿಂದ ದೊಡ್ಡಮ್ಮ ಬಂದಳು, ಮಾವನ ಅಕ್ಕ. ವಿಷಯ ಕೇಳಿ ನಗತೊಡಗಿದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಯ್ಯೋ ಮರ್ಲುಗಳೇ, ತಲೆ ಕೆಟ್ಟಿದೆಯಾ ನಿಮಗೆ! ನಮ್ಮ ಅಪ್ಪ ದಾಮುವಿನ ಅಪ್ಪನ ದೊಡ್ಡಪ್ಪನ ಮಗನಲ್ಲವಾ ಸಂಜೀವ? ನಿಮ್ಮ ನಿಮ್ಮ ಅಪ್ಪಂದಿರು ಒಬ್ಬೊಬ್ಬರು ಒಂದೊಂದು ಊರಿನಿಂದ ಬಂದವರು. ನೀವು ನೆಕ್ಕರಮೂಲೆಯವರಾದದ್ದು ಅಮ್ಮಂದಿರಿಂದ. ಅಳಿಯಕಟ್ಟಿನ ಮನೆಯಲ್ಲಿ ಅಪ್ಪಂದಿರನ್ನು ಹುಡುಕಿದರೆ ಇನ್ನೆಂತ ಸಿಗುತ್ತದೆ?”

ಎಲ್ಲರೂ ಮೊಬೈಲು ಜೇಬಿಗೆ ಇಳಿಸಿದರು. ಸೋದರಮಾವನ ಕುರ್ಚಿಗೆ ಕಾದು ಕುಳಿತ ಅಳಿಯ ನಾನು, ನನಗೇ ಹೊಳೆದಿರಲಿಲ್ಲ! ಇಂಗ್ಲಿಷಿನಲ್ಲಿ ಬರೆದದ್ದನ್ನು ಕಂಡಕೂಡಲೇ ಹುಟ್ಟಿದ ಮನೆಯ ಕಟ್ಟಳೆಯೇ ಮರೆತುಹೋಗಿತ್ತು.

“ಹಾಗಾದರೆ ಹೆಂಗಸರದ್ದು ಇನ್ನೊಮ್ಮೆ ಪರೀಕ್ಷೆ...” ಎಂದು ಶುರುಮಾಡಿದೆ.

“ಬಾಯಿ ಮುಚ್ಚು ಮಾರಾಯ. ಪ್ರೂಫ್ ಇಲ್ಲದವರಿಗೆ ಎಲೆ ಇಲ್ಲ ಅಂತ ನಿನ್ನ ಮಾವ ಹೇಳಿದ್ದಲ್ಲವಾ? ಈಗ ನಿಮಗೂ ಇಲ್ಲ ಪ್ರೂಫು. ಒಂದೋ ನೀವೆಲ್ಲ ಗಿರಿಜಳೊಟ್ಟಿಗೆ ಹೊರಗೆ ಹೋಗಿ. ಇಲ್ಲದಿದ್ದರೆ ಅವಳೂ ಒಳಗೆ ಬರಲಿ. ಕೋಳಿಸಾರು ತಣಿಯುತ್ತಾ ಉಂಟು.”

ಮಾವ ಕಣ್ಣೆತ್ತಿ ದಾಮುವನ್ನೊಮ್ಮೆ ನೋಡಿದರು. ಆಮೇಲೆ ಗಿರಿಜಕ್ಕನ ಕಡೆ ತಿರುಗಿ, ಮೆಲ್ಲನೆ, “ಅಮ್ಮನ ಹೆಸರೆಂತ?” ಎಂದು ಕೇಳಿದರು.

“ಸುಂದರಿ.”

ಸುಂದರಿಗೆ ಎಲೆ ಹಾಕಿದೆವು. ಬಡಿಸಲು ಸೌಟನ್ನು ಗಿರಿಜಕ್ಕನಿಗೇ ಕೊಟ್ಟೆವು. ದೊಡ್ಡಮ್ಮ ಅವರ ಕೈಯೊಟ್ಟಿಗೆ ತನ್ನ ಕೈ ಸೇರಿಸಿ ಸೌಟು ಹಿಡಿದಳು. ಹೊರಡುವ ಮೊದಲು ಗಿರಿಜಕ್ಕ ಚೀಲದಿಂದ ಖಾಲಿ ಕೊಳವೆ ತೆಗೆದು, “ಇದು ಇನ್ನು ಬೇಡವಲ್ಲ?” ಎಂದು ನನ್ನ ಹೆಂಡತಿಗೆ ಕೊಟ್ಟರು. ಅಂದಿನಿಂದ ಅದರಲ್ಲಿ ಇಂಗು.

ಸಾಂಬಾರಿಗೆ ಇಂಗು ಹಾಕುತ್ತಿರುವಾಗಲೇ ಮಾವನ ಫೋನು ಬಂತು. ಮತ್ತೆ ಆಟಿಯ ಬಡಿಸುವ ದಿನ ಹತ್ತಿರ ಬಂತು, ನಾಳೆ ಎಲೆ ಕೊಯ್ಯಬೇಕು. ಸಂಚಾಲಕನಿಗೆ ಈಗ ಉಳಿದ ಹುದ್ದೆ ಅದೊಂದೇ.

“ಒಂದೆರಡು ಎಲೆ ಹೆಚ್ಚು ಕೊಯ್ಯು,” ಎಂದರು ಮಾವ.

“ಯಾರಿಗೆ ಮಾವ?”

“ನನಗೆಂತ ಗೊತ್ತು? ಯಾರೆಲ್ಲ ಮನೆ ಬಿಟ್ಟು ಹೋಗಿದ್ದಾರೋ! ಯಾರಾದರೂ ಬಂದು ಕೇಳಿದರೆ ಎಲೆ ಇಲ್ಲ ಅಂತ ಆಗಬಾರದು.”

ನಾನು ಇಂಗಿನ ಮುಚ್ಚಳ ಬಿಗಿಮಾಡಿ, ಕತ್ತಿ ಹುಡುಕಲು ಹೋದೆ.