ವಾರದ ರಜೆಯ ಹಳದಿ-ಕುಂಕು

ಪುಣೆಯ ಚಂದನನಗರದ ಕೂಲಿಕಾರರ ವಸ್ತಿಯಲ್ಲಿ ವಿಶಾಲಮ್ಮನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ, ಗೋಡೆಯ ಮೇಲೆ ಫೋಟೋ ಆಗಿ ಕೂತಿದ್ದ ಅವಳ ಗಂಡ ಈರಬಸಪ್ಪ. ಇನ್ನೊಬ್ಬಳು, ಗಲ್ಲಿಯ ಕೊನೆಯ ಮನೆಯ ಕಾಶವ್ವ. ಉಳಿದವರೆಲ್ಲ, ಪಕ್ಷದ ಶಹರ ಕಾರ್ಯದರ್ಶಿ ಬಾಳಕೃಷ್ಣ ಸರ್ ಕೂಡ, ಅವಳು ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರೆ ತುಸು ಹಿಂದೆ ಸರಿಯುವವರೇ.

ಇಂಡಿ ತಾಲೂಕಿನಿಂದ ಮದುವೆಯಾಗಿ ಪುಣೆಗೆ ಬಂದವಳು ಅವಳು. ಈರಬಸಪ್ಪ ಸೆಂಟ್ರಿಂಗ್ ಕೆಲಸದವನು. ಕಾಮಾಲೆ ಅವನನ್ನು ಒಯ್ದ ಮೇಲೆ, ಖರಾಡಿಯಲ್ಲಿ ಅವನೇ ಹಲಗೆ ಬಡಿದು ಎಬ್ಬಿಸಿದ ಕಟ್ಟಡಗಳ ಮನೆಗಳಲ್ಲಿ ಅವಳು ಅಡುಗೆಗೆ ನಿಂತಳು. ಹಾಗೆ ನಿಂತ ಒಂದು ಮನೆಯಲ್ಲಿ ಬೆಳ್ಳಿಯ ಬಟ್ಟಲು ಕಾಣೆಯಾಯಿತೆಂದು ಅವಳನ್ನು ಪೊಲೀಸ್ ಚೌಕಿಗೆ ಎಳೆದೊಯ್ದರು. ಆಗ ಬಂದು ಪಕ್ಕದಲ್ಲಿ ನಿಂತವರು ಬಾಳಕೃಷ್ಣ ಸರ್. ಬಟ್ಟಲು ಆ ಮನೆಯ ಸೋಫಾದ ಕೆಳಗೇ ಸಿಕ್ಕಿತು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಅಂದಿನಿಂದ ಪಕ್ಷವೆಂದರೆ ಅವಳಿಗೆ ತವರುಮನೆ. ಅದು ಪುಣೆಯಲ್ಲಿ ಒಂದು ಕಾರ್ಪೊರೇಟರ್ ಸೀಟನ್ನೂ ಗೆದ್ದ ಪಕ್ಷವಲ್ಲ. ಕಚೇರಿಯ ಫ್ಯಾನೂ ತನಗೆ ಮನಸ್ಸು ಬಂದಾಗ ತಿರುಗುತ್ತಿತ್ತು. ಆದರೆ ತವರುಮನೆ ಎಂಬುದು ಬಡವಾಗಿದ್ದರೆ ಯಾರಾದರೂ ಬಿಡುತ್ತಾರೆಯೇ?

ಎರಡು ವರ್ಷಗಳಿಂದ ಅವಳ ತಲೆಯಲ್ಲಿ ಕೂತಿದ್ದುದು ಒಂದೇ ಮಾತು, ಮನೆಗೆಲಸದ ಹೆಂಗಸರಿಗೆ ವಾರಕ್ಕೊಂದು ದಿನ ಸಂಬಳದ ರಜೆ. ಖರಾಡಿಯ ಸೊಸೈಟಿಗಳಲ್ಲಿ, ಅಂದರೆ ಅಪಾರ್ಟ್‌ಮೆಂಟುಗಳಲ್ಲಿ, ನಾಯಿಗೂ ವಾಕಿಂಗ್ ಎಂದು ಬಿಡುವು ಇದೆ, ಚಪಾತಿ ಲಟ್ಟಿಸುವ ಕೈಗೆ ಇಲ್ಲ. ಇದನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ ಕಮಿಟಿಯವರಿಗೆ ಬಾಯಿಪಾಠ ಆಗಿತ್ತು. ಒಂದು ಭಾನುವಾರ ಎಲ್ಲರೂ ಒಟ್ಟಿಗೆ ಕೆಲಸ ಬಿಟ್ಟರೆ ಸೊಸೈಟಿಗಳು ಮಾತುಕತೆಗೆ ಬಂದೇ ಬರುತ್ತವೆ ಎಂಬುದು ಲೆಕ್ಕ. ಎಲ್ಲರನ್ನೂ ಒಂದು ಕಡೆ ಸೇರಿಸುವುದೇ ತೊಡಕು. ಪಕ್ಷದ ಸಭೆ ಎಂದರೆ ಗಂಡ ಬಿಡುವುದಿಲ್ಲ, ಅತ್ತೆ ಬಿಡುವುದಿಲ್ಲ.

ದಾರಿ ತೋರಿಸಿದವಳು ವಿಶಾಲಮ್ಮನೇ. ಜನವರಿಯ ಕಮಿಟಿಯಲ್ಲಿ ಎದ್ದು ನಿಂತಳು.

"ಸಭಾ ಅಂದ್ರ ಒಂದು ನರಪಿಳ್ಳಿ ಬರೂದಿಲ್ರಿ ಸರ್. ಹಳದಿ-ಕುಂಕು ಅಂತ ಕರೀರಿ. ಯಾ ಗಂಡಸೂ ಬ್ಯಾಡ ಅನ್ನೂದಿಲ್ಲ. ಕುಂಕುಮಾ ಹಚ್ಚೂಣು, ಎಳ್ಳುಂಡಿ ಕೊಡೂಣು, ಬಾಗಲಾ ಹಾಕಿ ರಜಾದ ಮಾತು ತಗಿಯೂಣು."

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಪುಣೆಯ ತುಂಬ ಹಳದಿ-ಕುಂಕುವಿನದೇ ಗದ್ದಲ. ನಮ್ಮ ಅರಿಶಿನ-ಕುಂಕುಮವೇ, ಮೇಲೊಂದು ಸಣ್ಣ ಉಡುಗೊರೆ. ಅದಕ್ಕೆ ವಾಣ ಎನ್ನುತ್ತಾರೆ. ಚುನಾವಣೆಗೆ ನಿಂತವರೆಲ್ಲ ಹೆಂಗಸರನ್ನು ಸೇರಿಸುವುದು ಹೀಗೆಯೇ. ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಭಾಷಣ ಮಾಡುವ ಈ ಪಕ್ಷದವರು ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಹಿಗ್ಗಿದರು. ಬಾಳಕೃಷ್ಣ ಸರ್ ಮೇಜು ಕುಟ್ಟಿ ಒಪ್ಪಿಗೆ ಕೊಟ್ಟರು.

ಒಪ್ಪದವಳು ನಿಖಿತಾ ಒಬ್ಬಳೇ. ಮೈಸೂರಿನ ಹುಡುಗಿ, ಖರಾಡಿಯ ಐಟಿ ಪಾರ್ಕಿನಲ್ಲಿ ಕೆಲಸ, ರಜಾ ದಿನಗಳಲ್ಲಿ ಪಕ್ಷದ ಕರಪತ್ರ ಬರೆದುಕೊಡುತ್ತಿದ್ದಳು.

"ಒಂದ್ ನಿಮಿಷ ಸರ್. ಅರಿಶಿನ-ಕುಂಕುಮ ಅಂದ್ರೆ ಗಂಡ ಇರೋರಿಗೆ ಮಾತ್ರ ಅಲ್ವಾ? ನಮ್ ಮೆಂಬರ್ಸಲ್ಲಿ ಅಷ್ಟೊಂದು ಜನ ವಿಡೋಸ್ ಇದಾರೆ. ವಿಶಾಲಕ್ಕನೇ ಇದಾರೆ. ಅವ್ರೆಲ್ಲ ಏನ್ ಮಾಡ್ಬೇಕು?"

ಬಾಳಕೃಷ್ಣ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕಲಕೋಟೆಯ ಕಡೆಯವರು, ಅವರ ಕನ್ನಡದಲ್ಲಿ ಅರ್ಧ ಮರಾಠಿ.

"ನಿಮ್ಮ ಮಾತು ಬರೋಬರ್ ಅದ, ನಿಖಿತಾ. ಆದ್ರ ಎರಡು ಲಢಾಯಿ ಏಕದಮ್ ತಗದ್ರ ಎರಡೂ ಕೆಡತಾವ. ಮೊದಲ ಹೊಟ್ಟಿ, ಆಮ್ಯಾಲ ಹಣಿ. ರಜಾ ಸಿಗಲಿ, ವಿಧವಾ ಪ್ರಶ್ನ ನಂತರ ತಗೊಳ್ಳೂಣು."

"ನಂತರ ಅಂದ್ರೆ ಯಾವಾಗ ಸರ್? ಪಾರ್ಟಿ ಪ್ರೋಗ್ರಾಮಲ್ಲಿ ಎರಡೂ ಇದೆ ಅಲ್ವಾ?"

ಇದಕ್ಕೆ ಉತ್ತರ ಕೊಟ್ಟವಳು ವಿಶಾಲಮ್ಮ.

"ತಂಗಿ, ನಿನಗ ಶನಿವಾರ, ಐತವಾರ ಎರಡೂ ರಜಾ ಅದ. ನಮಗ ಒಂದೂ ಇಲ್ಲ. ನನ್ನ ಹಣಿ ಚಿಂತಿ ನನಗ ಇಲ್ಲ, ನಿನಗ್ಯಾಕ? ಚಿಟಿಕಿ ಕುಂಕುಮಕ್ಕಾಗಿ ನಮ್ಮ ರಜಾ ಕಳೀಬ್ಯಾಡ."

ನಿಖಿತಾಳ ಮುಖ ಕೆಂಪಾಯಿತು. ತಲೆ ತಗ್ಗಿಸಿ ಎದುರಿನ ಕರಪತ್ರ ಮಡಚತೊಡಗಿದಳು. ವಿಶಾಲಮ್ಮನ ದನಿ ಅಷ್ಟು ಏರಿದ್ದೇಕೆಂದರೆ, ಹುಡುಗಿ ಹೇಳಿದ್ದು ಖರೆ ಎಂದು ಅವಳಿಗೆ ಗೊತ್ತಿತ್ತು. ನಾವೆಲ್ಲ ಹಾಗೆಯೇ, ಸುಳ್ಳಿಗೆ ನಗುತ್ತೇವೆ, ಖರೆ ಮಾತಿಗೆ ಸಿಡಿಯುತ್ತೇವೆ.

ಒಂದು ಉಪಾಯವನ್ನೂ ಅವಳೇ ಹೂಡಿದಳು. ಗಂಡ ಇದ್ದವರು ನಾಲ್ಕು ಗಂಟೆಗೆ ಬರಲಿ. ಇಲ್ಲದವರು ಐದಕ್ಕೆ, ಕುಂಕುಮದ ತಟ್ಟೆ ಒಳಗೆ ಹೋದ ಮೇಲೆ, ನೇರ ಸಭೆಗೆ ಬರಲಿ. ಯಾರಿಗೂ ಮುಜುಗರವಿಲ್ಲ. ಬಾಳಕೃಷ್ಣ ಸರ್ ಹೂಂ ಎಂದರು. ಇದನ್ನು ಹೇಳಲು ಕಾಶವ್ವನ ಮನೆಗೆ ಹೋದಳು.

ಕಾಶವ್ವ ಸೊಸೈಟಿಯ ಮೆಟ್ಟಿಲು, ಪಾಯಖಾನೆ ತೊಳೆಯುವವಳು. ವಯಸ್ಸಿನಲ್ಲಿ ಹಿರಿಯಳು, ಮಾತು ಕಡಿಮೆ. ಹೋದ ದೀಪಾವಳಿಯಲ್ಲಿ ಒಂದು ಸೊಸೈಟಿ ಹೆಂಗಸರ ಬೋನಸ್ ತಡೆಹಿಡಿದಾಗ ಪೊರಕೆ ಕೆಳಗಿಟ್ಟು ಗೇಟಿನ ಮುಂದೆ ಮೊದಲು ಕೂತವಳು ಅವಳು. ಅವಳ ಹಿಂದೆ ಬಂದು ಕೂತವರು ಬಹುಪಾಲು ಅವಳಂತೆ ಗಂಡನಿಲ್ಲದವರೇ. ಮನೆಯಲ್ಲಿ ಅವರನ್ನು ತಡೆಯುವವರು ಯಾರೂ ಇರಲಿಲ್ಲ.

"ಐದಕ್ಕ ಬರಬೇಕಾ?" ಎಂದಳು ಕಾಶವ್ವ. "ನಿನಗೂ ಐದಕ್ಕ ಹೇಳ್ಯಾರೇನ?"

"ನಾ ಕಮಿಟಿಯಾಕಿ, ಕಾಶಕ್ಕ. ನಾ ಮೊದಲ ಇರಬೇಕಲ್ಲ."

"ಹೂಂ. ಬರತೀವಿ ಬಿಡು." ಅಷ್ಟು ಹೇಳಿ ಅವಳು ಅಕ್ಕಿ ಆರಿಸತೊಡಗಿದಳು.

ಹಾಲ್ ಸಿಕ್ಕಿದ್ದು ಮೋಹನದಾಸರ ಹೋಟೆಲಿನ ಮಹಡಿಯಲ್ಲಿ. ಅವರು ಉಡುಪಿ ಕಡೆಯವರು, ಮನೆ ಕಾಶವ್ವ ಮೆಟ್ಟಿಲು ತೊಳೆಯುವ ಸೊಸೈಟಿಯಲ್ಲೇ. ಊರಿಗೆಲ್ಲ ಇಡ್ಲಿ-ವಡೆ ತಿನ್ನಿಸುವ ಆ ಮನೆಯವರಿಗೆ ಚಪಾತಿ ಮಾಡಿ ಹಾಕುವವಳು ವಿಶಾಲಮ್ಮ. ಮೋಹನದಾಸರ ಹೆಂಡತಿ ಸ್ವರ್ಣಲತಾ, ಹಳದಿ-ಕುಂಕು ಎಂದ ಕೂಡಲೇ ಬಾಡಿಗೆಯ ಮಾತೇ ಬೇಡವೆಂದು ಕೀಲಿಕೈ ಕೊಟ್ಟರು. ಅದರ ಬಾಲಕ್ಕೆ ರಜೆಯ ಬೇಡಿಕೆ ಕಟ್ಟಿದೆ ಎಂದು ಇವಳು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಆ ದಿನ ಹಾಲ್ ತುಂಬಿತು. ಕಾಲಿಡಲು ಜಾಗವಿಲ್ಲ. ಅಲ್ಲಿಯವರು ಸಂಕ್ರಾಂತಿಗೆ ಉಡುವ ಕಪ್ಪು ಸೀರೆಗಳು, ಮಲ್ಲಿಗೆ ಗಜರಾ, ಗುಲಾಬಿ ನೀರಿನ ವಾಸನೆ. ಬಾಳಕೃಷ್ಣ ಸರ್ ಬಾಗಿಲಲ್ಲಿ ನಿಂತು ಮದುವೆ ಮನೆಯ ಬೀಗರ ಹಾಗೆ ಕೈ ಮುಗಿಯುತ್ತಿದ್ದರು. ಮುಕ್ತಾ ಎಂಬ ಹಸನ್ಮುಖಿ ಹೆಂಗಸು, ವಿಶಾಲಮ್ಮನ ಪಕ್ಕದ ಮನೆಯವಳು, ತಟ್ಟೆ ಹಿಡಿದು ಸಾಲಾಗಿ ಕುಂಕುಮ ಹಚ್ಚುತ್ತ ಬಂದಳು. ವಿಶಾಲಮ್ಮ ಮೊದಲ ಸಾಲಿನಲ್ಲಿದ್ದಳು. ಮುಕ್ತಾಳ ಕೈ ಅವಳ ಹತ್ತಿರ ಬಂದು, ನಿಂತು, ಪಕ್ಕದವಳ ಹಣೆಗೆ ಹೋಯಿತು.

ಮುಕ್ತಾಳದು ತಪ್ಪಿಲ್ಲ. ಅವಳಿಗೆ ಸುಲಭವಾಗಲೆಂದು ವಿಶಾಲಮ್ಮ ತಾನೇ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಹೀಗಾಗುತ್ತದೆಂದು ಗೊತ್ತಿತ್ತು, ತಯಾರಾಗಿಯೇ ಕೂತಿದ್ದಳು. ಆದರೂ ಅವಳಿಗೆ ಅವಮಾನವಾಯಿತು. ತಾನೇ ಜನ ಕೂಡಿಸಿ, ಹಾಲ್ ಗೊತ್ತು ಮಾಡಿ, ವಾಣಕ್ಕೆಂದು ರವಿವಾರ ಪೇಟೆ ಎಂಬ ಬಜಾರಿಗೆ ಹೋಗಿ ಸ್ಟೀಲ್ ಬಟ್ಟಲು ಆರಿಸಿ ತಂದು, ಅಲ್ಲಿ ತಾನೇ ಹೊರಗಿನವಳು. ರಜೆ, ರಜೆ ಎಂದು ಮನಸ್ಸಿಗೆ ಹೇಳಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು.

ಎಳ್ಳುಂಡೆ ಹಂಚಿ ಆಯಿತು. ಬಾಗಿಲು ಹಾಕಿ ಬಾಳಕೃಷ್ಣ ಸರ್ ಮಾತಾಡಿದರು, ಒಳ್ಳೆಯ ಮಾತೇ. ಹೆಂಗಸರು ತಲೆದೂಗಿದರು, ಸರ್ ಸೊಸೈಟಿಯ ಯಜಮಾನಿಯರ ಅನುಕರಣೆ ಮಾಡಿದಾಗ ನಕ್ಕರು. ಕೊನೆಗೆ ಅವರು ಕೇಳಿದರು, "ಬರೂ ಐತವಾರ ಯಾರ್ಯಾರು ಕೆಲಸಕ್ಕ ಹೋಗೂದಿಲ್ಲ? ಕೈ ಎತ್ತರಿ."

ವಿಶಾಲಮ್ಮ ಎತ್ತಿದಳು. ಹಿಂದೆ ತಿರುಗಿ ನೋಡಿದರೆ ಇನ್ನೊಂದು ಕೈ ಇಲ್ಲ.

"ಮನ್ಯಾಗ ಕೇಳಿ ಹೇಳತೀನ್ರಿ," ಎಂದಳು ಮುಕ್ತಾ, ನಾಚಿಕೊಂಡು. ಒಬ್ಬಳು ಹೇಳಿದ್ದೇ ತಡ, ಎಲ್ಲರಿಗೂ ದಾರಿ ಸಿಕ್ಕಿತು. ಒಬ್ಬಳಿಗೆ ಅತ್ತೆಯನ್ನು ಕೇಳಬೇಕಿತ್ತು, ಒಬ್ಬಳ ಗಂಡ ಮೊದಲೇ ಕೆಲಸವಿಲ್ಲದೆ ಮನೆಯಲ್ಲಿದ್ದ. ಇಂಥ ಹೊತ್ತಿಗೆ ಮೊದಲ ಕೈ ಎತ್ತಿ ಉಳಿದವರಿಗೆ ಧೈರ್ಯ ಕೊಡುವವರು ಯಾರೆಂದು ವಿಶಾಲಮ್ಮನಿಗೆ ಗೊತ್ತಿತ್ತು. ಐದು ಆಗಿ ಎಷ್ಟೋ ಹೊತ್ತಾಗಿತ್ತು. ಅವಳು ಎದ್ದು, ಬಾಗಿಲು ತೆಗೆದು, ದಡದಡ ಕೆಳಗಿಳಿದಳು.

ಹೋಟೆಲಿನ ಹಿಂದಿನ ಮೆಟ್ಟಿಲುಗಳ ಮೇಲೆ, ರುಬ್ಬುವ ಯಂತ್ರದ ಸದ್ದಿನ ಪಕ್ಕದಲ್ಲಿ, ಐದಕ್ಕೆ ಬರಹೇಳಿದ್ದವರೆಲ್ಲ ಕೂತಿದ್ದರು.

"ಇಲ್ಲ್ಯಾಕ ಕುಂತೀರಿ? ಮ್ಯಾಲ ಬರ್ರಿ, ಲಗೂ ಬರ್ರಿ. ಕೈ ಎತ್ತೂದು ನಡದದ."

ಕಾಶವ್ವ ಏಳಲಿಲ್ಲ. "ಹೇಳಿದ ಹೊತ್ತಿಗೆ ಬಂದಿದ್ದಿವಿ. ಇನ್ನೂ ಹಚ್ಚಾಕ ಹತ್ತಿದ್ರು. ಬಾಗಲದಾಗ ಒಬ್ಬಾಕಿ ನಮ್ಮನ್ನ ನೋಡಿ ತಾಟಿನ ಮ್ಯಾಲ ಸೆರಗು ಮುಚ್ಚಿದಳು. ಇಳದು ಬಂದಿವಿ."

"ಅದು ಮುಗೀತು ಕಾಶಕ್ಕ. ಈಗ ನಿಮ್ಮದಽ ಕೆಲಸ ಅದ."

"ಹೌದು. ಹಣಿ ಒಡ್ಡಾಕ ಅವರು, ಕೈ ಎತ್ತಾಕ ನಾವು. ಚಲೋ ಹಂಚಿಕಿ ಮಾಡೀರಿ." ಕಾಶವ್ವ ಸೀರೆ ಕೊಡವಿಕೊಂಡು ಎದ್ದಳು. ಉಳಿದವರೂ ಎದ್ದರು. ಅವರು ಮೇಲೆ ಹತ್ತಲಿಲ್ಲ, ವಸ್ತಿಯ ದಾರಿ ಹಿಡಿದರು. ವಿಶಾಲಮ್ಮ ಒಬ್ಬಳೇ ಮೆಟ್ಟಿಲು ಹತ್ತಿದಳು.

ಎರಡು ದಿನ ಬಿಟ್ಟು ಕಮಿಟಿ ಸೇರಿತು. ಹೆಂಗಸರು ಇನ್ನೂ ತಯಾರಾಗಿಲ್ಲ, ರಜೆಯ ಹೋರಾಟ ಸದ್ಯಕ್ಕೆ ಮುಂದಕ್ಕೆ ಎಂದು ಬಾಳಕೃಷ್ಣ ಸರ್ ಹೇಳಿದರು. ಬೇಡ ಎನ್ನಬೇಕೆಂದು ವಿಶಾಲಮ್ಮನಿಗೆ ಅನಿಸಿತು. ಹಾಗಂದರೆ ಮೆಟ್ಟಿಲ ಮೇಲಿನ ಮಾತನ್ನೂ ಹೇಳಬೇಕಾಗುತ್ತಿತ್ತು, ಅವರನ್ನು ಹೊರಗಿಟ್ಟ ಉಪಾಯ ತನ್ನದೇ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ನಿಖಿತಾ ಅವಳ ಕಡೆ ಒಮ್ಮೆ ನೋಡಿ, ಅವಳ ಮುಂದೆ ನೀರಿನ ಲೋಟ ಇಟ್ಟಳು. ಆ ಹುಡುಗಿ ನಾನು ಆಗಲೇ ಹೇಳಿರಲಿಲ್ಲವೇ ಎಂದಿದ್ದರೆ ಬಯ್ದು ಹಗುರಾಗಬಹುದಿತ್ತು.

ಭಾನುವಾರ ಬಂತು. ಹೋರಾಟವಿಲ್ಲ ಎಂದ ಮೇಲೆ ಕೆಲಸವೇ. ಮುಕ್ತಾ ಹೋದಳು, ಕುಂಕುಮ ಹಚ್ಚಿಸಿಕೊಂಡವರೆಲ್ಲ ಹೋದರು, ವಿಶಾಲಮ್ಮನೂ ಸ್ವರ್ಣಲತಾರ ಮನೆಗೆ ಹೋದಳು. ಸೊಸೈಟಿಯ ಮೆಟ್ಟಿಲುಗಳ ಮೇಲೆ ನಿನ್ನೆಯ ಕಸ ಹಾಗೆಯೇ ಬಿದ್ದಿತ್ತು. ಕಾಶವ್ವನಿಗೆ ಮೈ ಹುಷಾರಿಲ್ಲವೇನೋ ಎಂದುಕೊಂಡು ಒಳಗೆ ಹೋಗಿ ಹಿಟ್ಟಿಗೆ ನೀರು ಹಾಕಿದಳು.

ಸ್ವರ್ಣಲತಾ ಫೋನ್ ಹಿಡಿದು ಅಡುಗೆಮನೆಗೆ ಬಂದರು. "ಎಂತ ವಿಶಾಲಮ್ಮ ಇದು? ಮೆಟ್ಟಿಲು ಗುಡಿಸುವವರು ಇಲ್ಲ, ಸುಮಾರು ಮನೆಗೆ ಪಾತ್ರೆಯವರೂ ಇಲ್ಲ. ಗ್ರೂಪಲ್ಲಿ ಎಲ್ಲ ಬೊಬ್ಬೆ ಹೊಡೀತಿದ್ದಾರೆ. ಆ ಕಾಶವ್ವ ನಿನ್ನೆಯೇ ಗೇಟಲ್ಲಿ ಹೇಳಿ ಹೋಗಿದ್ದಾಳಂತೆ, ನಾಳೆ ನಮಗೆ ರಜೆ, ಇನ್ನು ಪ್ರತಿ ಭಾನುವಾರ ರಜೆ ಅಂತ. ಪುಣ್ಯಕ್ಕೆ ನೀವಾದ್ರೂ ಬಂದ್ರಿ."

ವಿಶಾಲಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಪುಣ್ಯಕ್ಕೆ ನೀವಾದರೂ ಬಂದಿರಿ! ಚೌಕಿಯಲ್ಲಿ ಕಳ್ಳಿ ಎನಿಸಿಕೊಂಡ ದಿನ ಕೂಡ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಕೈ ತೊಳೆದುಕೊಂಡಳು.

"ಹಿಟ್ಟು ಮುಚ್ಚಿ ಇಡ್ರಿ ಬಾಯಾರ. ನಂದೂ ಇವತ್ತ ರಜಾ."

"ಅಯ್ಯೋ, ಅರ್ಧಕ್ಕೆ ಬಿಟ್ಟು ಹೋಗುದಾ? ಇವರಿಗೆ ತಿನ್ನಲಿಕ್ಕೆ ಎಂತ ಕೊಡ್ಲಿ ನಾನು?"

"ನಿಮ್ಮ ಹೋಟೆಲಿಂದ ಇಡ್ಲಿ ತರಸ್ರಿ."

ವಸ್ತಿಯ ನಳದ ಕಟ್ಟೆಯ ಹತ್ತಿರ, ಎಳೆ ಬಿಸಿಲಿನಲ್ಲಿ, ಕಾಶವ್ವನೂ ಜೊತೆಯವರೂ ಕೂತಿದ್ದರು. ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಿದ್ದಳು. ಶೇಂಗಾ ಸಿಪ್ಪೆ ಸುತ್ತ ಬಿದ್ದಿತ್ತು. ಭಾನುವಾರದ ಬೆಳಗ್ಗೆ ಹೀಗೆ ಸುಮ್ಮನೆ ಕೂತ ಹೆಂಗಸರನ್ನು ಆ ವಸ್ತಿ ನೋಡಿರಲಿಲ್ಲ. ವಿಶಾಲಮ್ಮ ಹೋಗಿ ಕಾಶವ್ವನ ಮುಂದೆ ನಿಂತಳು.

"ನಂದು ತಪ್ಪಾತು ಕಾಶಕ್ಕ. ಭಾಳ ತಪ್ಪಾತು."

"ನನ್ನ ಮುಂದ ಹೇಳಿ ಏನ್ ಆಗೂದದ?" ಎಂದಳು ಕಾಶವ್ವ, ಶೇಂಗಾ ಒಡೆಯುತ್ತ. "ನಿಮ್ಮ ಸರ್ ಮುಂದ ಹೇಳು. ಎಲ್ಲಾರೂ ಕೇಳೂ ಹಂಗ ಹೇಳು."

ವಿಶಾಲಮ್ಮ ಫೋನ್ ತೆಗೆದು, ಸ್ಪೀಕರ್ ಒತ್ತಿ, ಬಾಳಕೃಷ್ಣ ಸರ್‌ಗೆ ಹಚ್ಚಿದಳು.

"ಸರ್, ಇವತ್ತ ಖರಾಡಿಯೊಳಗ ರಜಾ ಆಗ್ಯದರಿ. ಸೊಸೈಟಿಯವರು ಹೊಯ್ಕೊಳ್ಳಾಕ ಹತ್ಯಾರ."

"ಹೌದಾ? ಹೆಂಗ? ಕಮಿಟಿ ಬ್ಯಾಡ ಅಂದಿತ್ತಲ್ಲ. ಕರೆ ಕೊಟ್ಟವರು ಯಾರು?"

"ಹಳದಿ-ಕುಂಕುಕ್ಕ ನಾವು ಹೊರಗ ನಿಲ್ಲಿಸಿದ್ದಿವಲ್ರಿ, ಅವರು. ತಯಾರಿದ್ದವರು ಅವರಽ ಇದ್ರು ಸರ್. ಅವರನ್ನ ನಿಲ್ಲಿಸಿದಾಕಿ ನಾನು, ಹೂಂ ಅಂದವರು ನೀವು. ನಿಖಿತಾ ಹೇಳಿದಾಗ ಆಕೀ ಬಾಯಿ ಮುಚ್ಚಿಸಿದಾಕೀನೂ ನಾನಽ."

ಬಾಳಕೃಷ್ಣ ಸರ್ ಮೆಲ್ಲಗೆ ಕೇಳಿದರು, "ನೀವೂ ಮುಂಜಾನಿಂದ ಅವರ ಜೋಡಿ ಕುಂತಿದ್ರೇನು, ವಿಶಾಲಮ್ಮ?"

ಹೌದು ಎಂದುಬಿಟ್ಟರೆ ಆ ಕಡೆ ಯಾರಿಗೂ ತಿಳಿಯುತ್ತಿರಲಿಲ್ಲ. ವಿಶಾಲಮ್ಮ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಿಟ್ಟಿತ್ತು.

"ಇಲ್ರಿ ಸರ್," ಎಂದಳು. "ನಾನು ಕೆಲಸಕ್ಕ ಹೋಗಿದ್ದೆ."