ಕೆಂಪು ಕಣಿವೆಯ ಹೋಟೆಲ್ ಆಂಟಿ

ಅವರ ಬಲ ಅಂಗೈ ಬಿಸಿಲಿಗೆ ಕಂದಿ, ಬಿರುಕು ಬಿಟ್ಟು, ಒರಟಾಗಿತ್ತು. ಬೇಸಿಗೆಯಲ್ಲಿ ಯಾರಾದರೂ ನಾಯಿ ಕರೆತಂದರೆ ಅವರು ಹೋಟೆಲಿನ ಹಿಂದಿನ ಕಾಲುದಾರಿಗೆ ಹೋಗಿ, ಆ ಅಂಗೈಯನ್ನು ಮಣ್ಣಿಗೆ ಊರಿ ಏಳರವರೆಗೆ ಎಣಿಸುತ್ತಿದ್ದರು. ಕೈ ತಾಳಿದರೆ ನಾಯಿ ಹೋಗಬಹುದು, ಇಲ್ಲದಿದ್ದರೆ ಇಲ್ಲ.

ಪರದೇಶದಲ್ಲಿ ನಾವಿರುವ ಮೆಕಿನ್ನಿ ಊರಿನಿಂದ ಆರು ಗಂಟೆ ಡ್ರೈವ್ ಮಾಡಿದರೆ ಬಯಲು ಇದ್ದಕ್ಕಿದ್ದಂತೆ ಒಡೆದು, ನೆರಳಿಲ್ಲದ ಕೆಂಪು ಕೊರಕಲುಗಳಾಗಿ ಇಳಿಯುತ್ತದೆ. ಅದರ ಅಂಚಿನಲ್ಲಿ ರಾತ್ರಿ ತಂಗುವ ಆ ಚಿಕ್ಕ ಹೋಟೆಲ್. ನಡೆಸುತ್ತಿದ್ದವರು ಗದಗಿನ ಕಡೆಯವರು. ಕನ್ನಡದವರಿಗೆಲ್ಲ ಹೋಟೆಲ್ ಆಂಟಿ. ಕುರ್ತಾದ ಕೆಳಗೆ ಹಾವಿನ ಭಯಕ್ಕೆ ಮೊಣಕಾಲುದ್ದದ ಬೂಟು. ಬಂದವರಲ್ಲಿ ನಾಯಿಗೆ ಮೊದಲು ನೀರು. "ಮನಷ್ಯಾರು ಕೇಳ್ಕೊಂಡು ಕುಡೀತಾರ" ಎನ್ನುತ್ತಿದ್ದರು.

ನಾವು ಹೋದದ್ದು ಜುಲೈಯಲ್ಲಿ, ಅಲ್ಲಿನ ಕಡುಬೇಸಿಗೆಯಲ್ಲಿ. ನಾನು, ನನ್ನ ಗಂಡ, ಎಂಟು ವರ್ಷದ ಮಗಳು, ನಮ್ಮ ಲ್ಯಾಬ್ರಡಾರ್ ಗುಂಡ. ತಲುಪಿದಾಗ ಬೆಳಿಗ್ಗೆ ಹನ್ನೊಂದು ದಾಟಿತ್ತು. ಆಂಟಿ ನಕ್ಷೆಯಲ್ಲಿ ನಾಯಿಗಳನ್ನು ಕರೆದೊಯ್ಯಲು ಬಿಡುವ ಮೂರು ದಾರಿಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟು, "ನಾಳೆ ಮುಂಜಾನೆ ಆರಕ್ಕ ಹೋಗ್ರಿ. ಈಗ ಬ್ಯಾಡ" ಎಂದರು.

"ನಾಳೆ ಬೆಳಿಗ್ಗೆನೇ ವಾಪಸ್ ಹೊರಡ್ಬೇಕು ಆಂಟಿ. ಬೇಗ ಹೋಗಿ ಬಂದ್ಬಿಡ್ತೀವಿ."

"ಹಂಗಾರ ಅಂಗೈ ಇಟ್ಟು ನೋಡ್ರಿ."

ಇಟ್ಟೆ. ಮೂರು ಎಣಿಸುವಷ್ಟರಲ್ಲೇ ಕೈ ಕಿತ್ತುಕೊಂಡೆ. "ನಾಯಿ ಪಾದ ದಪ್ಪ ಇರುತ್ತೆ ಬಿಡಿ" ಎಂದು ನಕ್ಕೆ. ಅವರು ನಗಲಿಲ್ಲ. "ದಾರಿ ಕಾಣಸ್ತದ. ಬಿಸಲು ಕಾಣಂಗಿಲ್ಲ" ಎಂದರು.

ಒಂದು ಮೈಲಿ ದಾಟುವುದರೊಳಗೆ ಗುಂಡ ಒಂದು ಕುರುಚಲು ಗಿಡದ ಬುಡದಲ್ಲಿ ಕೂತುಬಿಟ್ಟಿತು. ಹಟ ಮಾಡುತ್ತಿದೆ ಎಂದುಕೊಂಡು ನಾನೇ ಹಗ್ಗ ಜಗ್ಗಿದೆ. ಎದ್ದು ಬಂತು. ಇನ್ನಷ್ಟು ದೂರ ನಡೆದು ಮಗ್ಗುಲಾಗಿ ಬಿತ್ತು. ಗಂಡ ಓಡಿಹೋಗಿ ಹೇಳಿದಾಗ ಆಂಟಿ ಒದ್ದೆ ಟವೆಲ್ಲುಗಳನ್ನು ತುಂಬಿಕೊಂಡು ಪಿಕಪ್‌ನಲ್ಲಿ ತಾವೇ ಬಂದರು. ಗುಂಡನನ್ನು ಅದರಲ್ಲಿ ಹಾಕಿಕೊಂಡು ಹೊರಟೆವು; ಪಶುವೈದ್ಯರಿದ್ದ ಊರು ಇನ್ನೂ ದೂರವಿತ್ತು. ಗುಂಡ ಗಾಡಿಯಲ್ಲೇ ಸತ್ತಿತು.

ಮಗಳು ಆಂಟಿಯನ್ನು ಕೇಳಿದಳು: "ಡಿಡ್ ಇಟ್ ಹರ್ಟ್ ಹಿಮ್?"

ಇಲ್ಲ ಅನ್ನಿ ಎಂದು ನಾನು ಕಣ್ಣಲ್ಲೇ ಬೇಡಿದೆ. ಅವರು ಮಗುವಿನ ಮುಖ ನೋಡಿ, "ಹೌದವಾ. ಭಾಳ ನೋವಾತು" ಎಂದರು. ನನ್ನತ್ತ ತಿರುಗಿ, "ಅದು ಕುಂತಿರಬೇಕಲ್ಲ ಎಲ್ಲ್ಯರ? ಹೇಳಿರಬೇಕಲ್ಲ ನಿಮಗ?" ಎಂದರು.

ಆ ಕ್ಷಣದಿಂದ ಅವರನ್ನು ದ್ವೇಷಿಸಿದೆ. ಮನೆ ತಲುಪಿದವಳೇ ಹೋಟೆಲಿನ ಬಗ್ಗೆ ಆನ್‌ಲೈನ್‌ನಲ್ಲಿ ಬರೆದೆ: ನಾಯಿಗೆ ಒಳ್ಳೆಯ ದಾರಿಗಳಿವೆ ಎಂದು ಕರೆಸಿಕೊಳ್ಳುತ್ತಾರೆ, ಒಬ್ಬರೂ ಎಚ್ಚರಿಸಲಿಲ್ಲ, ಮಧ್ಯಾಹ್ನದ ಬಿಸಿಲಿಗೆ ನಮ್ಮ ನಾಯಿ ಸತ್ತಿತು. ಗುಂಡನ ಫೋಟೋ ಹಾಕಿದೆ. ಗುರುತಿಲ್ಲದವರೆಲ್ಲ ಬಂದು ಆಂಟಿಯನ್ನು ಕೊಲೆಗಾತಿ ಎಂದು ಬೈದರು. ಒಂದೊಂದನ್ನೂ ಓದಿ ಸಮಾಧಾನಪಟ್ಟೆ.

ಎರಡು ವರ್ಷದ ನಂತರ ಮಗಳು ಅದನ್ನು ಓದಿದಳು. "ಅಮ್ಮಾ, ಶಿ ಟೋಲ್ಡ್ ಅಸ್" ಎಂದಳು, ಅಷ್ಟೇ. ಆ ವಾರಾಂತ್ಯ ಒಬ್ಬಳೇ ಹೋಟೆಲಿಗೆ ಹೊರಟೆ.

ಕೌಂಟರಿನಲ್ಲಿದ್ದವನನ್ನು ಆಂಟಿ ಎಲ್ಲಿ ಎಂದು ಕೇಳಿದೆ; ಅವನು ಅವರ ಮಗ. ಆಂಟಿ ಚಳಿಗಾಲದಲ್ಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಅವನ ಹಿಂದಿನ ಗೋಡೆಯಲ್ಲಿ ನಾನು ಬರೆದದ್ದು, ಗುಂಡನ ಫೋಟೋ ಸಹಿತ, ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು.

ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವನೆಂದ: "ಪೂರಾ ಸುಳ್ಳರಿ ಅದು. ಉತ್ತರ ಬರಿಯೋಣು ಅಂದ್ರ ಅಮ್ಮ ಕೇಳಲಿಲ್ಲ. ಇದನ್ನ ಓದಿದವ್ರು ಮಧ್ಯಾಹ್ನ ನಾಯಿ ಒಯ್ಯಂಗಿಲ್ಲ, ಇರ್ಲಿ ಅಂದ್ಲು. ಆಮ್ಯಾಲ ಜನ ಬರೋದ ನಿಂತುಬಿಡ್ತು. ಮುಂದಿನ ತಿಂಗಳು ಮಾರಾಕತ್ತೀವಿ." ಮತ್ತೆ ಕೇಳಿದ: "ನಿಮಗ ಅಮ್ಮ ಹ್ಯಾಂಗ ಗೊತ್ತರಿ?"

"ಒಂದ್ಸಲ ಬಂದು ಉಳ್ಕೊಂಡಿದ್ವಿ" ಎಂದೆ.

ಅವನು ಚಹಾ ತಂದುಕೊಟ್ಟ. ಕುಡಿದೆ. ಬರೆದವಳು ನಾನೇ ಎಂದು ಹೇಳದೆ ಹೊರಟುಬಂದೆ.